ಕಡಲಂಚಿನ ಗೆರೆ ಮತ್ತು ನೆಲದ ಮಟ್ಟ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ ಕಡಲತಳ ಬಿರಿಯಿತು. ಬಿರುಕು ಉತ್ತರಕ್ಕೆ ಹರಿಯುತ್ತಾ ನಿಕೋಬಾರ್ ಮತ್ತು ಅಂಡಮಾನ್ ದ್ವೀಪಗಳ ಅಡಿಯನ್ನು ಹಾದುಹೋಯಿತು. ಅದರಿಂದೆದ್ದ ಸುನಾಮಿ ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಸಂಗತಿ ಎಲ್ಲರಿಗೂ ತಿಳಿದಿದೆ. ಆದರೆ ಅದೇ ಬೆಳಿಗ್ಗೆ ನಡೆದ ಇನ್ನೊಂದು ಬದಲಾವಣೆಯ ಸುದ್ದಿ ಅಷ್ಟಾಗಿ ಹರಡಲಿಲ್ಲ.

ದಕ್ಷಿಣ ಅಂಡಮಾನಿನ ಸಿಪ್ಪಿಘಾಟ್, ಒಗ್ರಬ್ರಾಜ್ ಮೊದಲಾದ ಕಡೆಗಳಲ್ಲಿ ಕಡಲ ಒಡ್ಡುಗಳ ಹಿಂದೆ ಭತ್ತದ ಗದ್ದೆಗಳಿದ್ದವು. ಸುನಾಮಿಯ ನೀರು ನುಗ್ಗಿತು, ಹಿಂದಿರುಗಿತು. ಆದರೆ ಪೂರ್ತಿಯಾಗಿ ಹಿಂದಿರುಗಲಿಲ್ಲ. ಮರುದಿನದ ಭರತದಲ್ಲಿ ಮತ್ತೆ ಬಂದಿತು, ಅದರ ಮರುದಿನವೂ ಬಂದಿತು. ಗದ್ದೆಯ ಅಂಚಿನಲ್ಲಿ ನಿಂತ ರೈತನ ಮುಂದಿದ್ದುದು ಒಂದೇ ಪ್ರಶ್ನೆ: ಈ ನೀರು ಇಳಿದು ಹೋಗುವುದೇ, ಇಲ್ಲವೇ?

ಉತ್ತರ ಒಂದು ಅಳತೆಯನ್ನು ಅವಲಂಬಿಸಿತ್ತು. ಕಡಲು ಮೇಲೇರಿ ಬಂದು ನೀರು ನಿಂತಿದ್ದರೆ ಅದು ಎಂದಾದರೂ ಇಳಿಯುತ್ತದೆ. ನೆಲವೇ ಕೆಳಗಿಳಿದಿದ್ದರೆ ಕಡಲಿಗೆ ಹಿಂದೆ ಸರಿಯುವ ಕಾರಣವೇ ಇಲ್ಲ. ಈ ಎರಡನ್ನು ಬೇರ್ಪಡಿಸಿ ನೋಡುವ ಕೆಲಸದಲ್ಲಿ ಉಪಗ್ರಹ ಚಿತ್ರಗಳು ಹೇಗೆ ನೆರವಾದವು, ಎಲ್ಲಿ ಮೋಸಗೊಳಿಸಬಲ್ಲವು ಎಂಬುದೇ ಇಂದಿನ ವಿಷಯ.

ಉಪಗ್ರಹಗಳಿಗಿಂತ ಮೊದಲು

ಭೂಕಂಪದಿಂದ ಕರಾವಳಿ ಏಳುವುದನ್ನೂ ಬೀಳುವುದನ್ನೂ ಮನುಷ್ಯ ಹಿಂದಿನಿಂದಲೂ ಕಂಡಿದ್ದಾನೆ. 1835ರ ಫೆಬ್ರವರಿ 20ರಂದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ದೊಡ್ಡ ಭೂಕಂಪವಾಯಿತು. ಆಗ ಆ ಕರಾವಳಿಯ ಸಮೀಕ್ಷೆಯಲ್ಲಿದ್ದ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ಸಾಂತಾ ಮರಿಯಾ ಎಂಬ ದ್ವೀಪಕ್ಕೆ ಹೋಗಿ ನೋಡಿದರು. ಅದೇ ಹಡಗಿನಲ್ಲಿ ತರುಣ ಚಾರ್ಲ್ಸ್ ಡಾರ್ವಿನ್ ಕೂಡ ಇದ್ದರು. ಬಂಡೆಗಳಿಗೆ ಅಂಟಿಕೊಂಡಿದ್ದ ಕಡಲ ಚಿಪ್ಪುಗಳು ನೀರಿನಿಂದ ಮೇಲೆದ್ದು ಬಿಸಿಲಿಗೆ ಸತ್ತು ಕೊಳೆಯುತ್ತಿದ್ದವು. ಆ ಚಿಪ್ಪುಗಳು ಬದುಕುವ ನೀರಿನ ಮಟ್ಟ ಯಾವುದೆಂದು ಗೊತ್ತಿದ್ದುದರಿಂದ, ಸತ್ತ ಚಿಪ್ಪುಗಳ ಎತ್ತರವನ್ನು ಅಳೆದು, ದ್ವೀಪ 8ರಿಂದ 10 ಅಡಿಯಷ್ಟು ಮೇಲೆದ್ದಿದೆ ಎಂದು ಅವರು ಲೆಕ್ಕ ಹಾಕಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಫಿಟ್ಜ್‌ರಾಯ್ ಅಳೆದದ್ದು ನೆಲವನ್ನಲ್ಲ. ನೀರಿಗೂ ನೆಲಕ್ಕೂ ನಡುವಿನ ಸಂಬಂಧವನ್ನು. ಮೊದಲು ಎಲ್ಲಿತ್ತು ಎಂಬುದಕ್ಕೆ ಆ ಚಿಪ್ಪು ಸಾಕ್ಷಿಯಾಯಿತು. ಮೊದಲಿನ ಸಾಕ್ಷಿ ಇಲ್ಲದಿದ್ದರೆ ಬದಲಾವಣೆಗೆ ಅಳತೆಯೂ ಇಲ್ಲ. ಇಂದಿನ ಉಪಗ್ರಹ ವಿಧಾನವೂ ಇದೇ ತತ್ವದ ಮೇಲೆ ನಿಂತಿದೆ.

ಅಡಿಕೆ ದಬ್ಬೆಯ ಪಾಠ

ಒಂದೇ ಭೂಕಂಪದಲ್ಲಿ ಕೆಲವು ದ್ವೀಪ ಏಳುವುದೂ ಕೆಲವು ಮುಳುಗುವುದೂ ಏಕೆ? ಅಡಿಕೆ ಮರದ ತೆಳುವಾದ ದಬ್ಬೆಯೊಂದನ್ನು ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಕೆಳಕ್ಕೂ ಒಳಕ್ಕೂ ತಳ್ಳಿದರೆ ನಡುಭಾಗ ಬಿಲ್ಲಿನಂತೆ ಉಬ್ಬುತ್ತದೆ. ತಳ್ಳಿದ ಕೈ ಜಾರಿದ ಕ್ಷಣದಲ್ಲಿ ತುದಿ ಮೇಲಕ್ಕೆ ಚಿಮ್ಮುತ್ತದೆ, ಉಬ್ಬಿದ ನಡು ಕೆಳಗೆ ಬೀಳುತ್ತದೆ.

ಅಂಡಮಾನ್-ನಿಕೋಬಾರ್ ದ್ವೀಪಗಳ ಪಶ್ಚಿಮಕ್ಕೆ ಕಡಲಿನಾಳದಲ್ಲಿ ಒಂದು ಕಂದಕವಿದೆ. ಅಲ್ಲಿ ಭಾರತದ ಭೂಫಲಕ, ದ್ವೀಪಗಳನ್ನು ಹೊತ್ತ ಫಲಕದ ಅಡಿಗೆ ನುಸುಳುತ್ತಿದೆ. ಎರಡೂ ಫಲಕಗಳು ಬಿಗಿಯಾಗಿ ಕಚ್ಚಿಕೊಂಡಿರುವಷ್ಟು ಕಾಲ ಮೇಲಿನ ಫಲಕದ ಅಂಚು ಕೆಳಗೆ ಎಳೆಯಲ್ಪಡುತ್ತದೆ, ಅದರ ಹಿಂಭಾಗ ಉಬ್ಬುತ್ತದೆ. ನೂರಾರು ವರ್ಷಗಳ ಈ ಬಿಗಿತ 2004ರಲ್ಲಿ ಕೆಲವೇ ನಿಮಿಷಗಳಲ್ಲಿ ಸಡಿಲಿತು. ಕಂದಕಕ್ಕೆ ಹತ್ತಿರವಿದ್ದ ಪಶ್ಚಿಮದ ನೆಲ ಎದ್ದಿತು. ದೂರವಿದ್ದ ಪೂರ್ವದ ನೆಲ ಕುಸಿಯಿತು. ಏಳುವ ಮತ್ತು ಬೀಳುವ ಭಾಗಗಳ ನಡುವೆ, ಏಳದ ಬೀಳದ ಒಂದು ಗೆರೆ ಇರುತ್ತದೆ. ವಿಜ್ಞಾನಿಗಳು ಅದನ್ನು ತಿರುಗಣೆ ಗೆರೆ ಎಂಬರ್ಥದಲ್ಲಿ ಕರೆಯುತ್ತಾರೆ. ಆ ಗೆರೆ ಎಲ್ಲಿ ಹಾದುಹೋಗುತ್ತದೆ ಎಂದು ತಿಳಿದರೆ, ಕಡಲಿನಾಳದ ಬಿರುಕು ಎಲ್ಲಿಯವರೆಗೆ ಜಾರಿತು ಎಂಬುದೂ ತಿಳಿಯುತ್ತದೆ.

ಗೆರೆ ಮೋಸಗೊಳಿಸುವ ಬಗೆ

ಉಪಗ್ರಹ ಚಿತ್ರದಲ್ಲಿ ಕಡಲಂಚು ಸ್ಪಷ್ಟವಾಗಿ ಕಾಣುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ನೀರು ಹೀರಿಕೊಳ್ಳುವುದರಿಂದ ಅಂಥ ಚಿತ್ರದಲ್ಲಿ ನೀರು ಕಪ್ಪಾಗಿಯೂ, ನೆಲ ಮತ್ತು ಹಸಿರು ಹೊಳಪಾಗಿಯೂ ಮೂಡುತ್ತವೆ. ಭೂಕಂಪದ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ಗೆರೆ ಎಷ್ಟು ಸರಿದಿದೆ ಎಂದು ನೋಡಿದರೆ ಸಾಕಲ್ಲವೇ ಎಂದು ಅನ್ನಿಸಬಹುದು. ಸಾಕಾಗುವುದಿಲ್ಲ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಇಳಿಜಾರು. ಬಯಲಿನ ಗದ್ದೆಯಲ್ಲಿ ಒಂದು ಗೇಣು ನೀರೇರಿದರೆ ಅದು ಹತ್ತಾರು ಮಾರು ಹರಡಿಕೊಳ್ಳುತ್ತದೆ. ಅದೇ ಒಂದು ಗೇಣು ನೀರು ಕಡಿದಾದ ಧರೆಯ ಬುಡದಲ್ಲಿ ಏರಿದರೆ ಗೆರೆ ಸರಿದದ್ದೇ ಗೊತ್ತಾಗುವುದಿಲ್ಲ. ನೂರಕ್ಕೆ ಒಂದರಷ್ಟು ಇಳಿಜಾರಿರುವ ಕಡಲತೀರ ಒಂದು ಮೀಟರ್ ಕುಸಿದರೆ ಗೆರೆ 100 ಮೀಟರ್ ಒಳಗೆ ಬರುತ್ತದೆ. ಬಂಡೆಯ ತೀರ ಅಷ್ಟೇ ಕುಸಿದರೂ ಚಿತ್ರದಲ್ಲಿ ಏನೂ ಕಾಣದು. ಆದ್ದರಿಂದ ಗೆರೆಯ ಸರಿತವೇ ನೆಲದ ಇಳಿತವಲ್ಲ.

ಎರಡನೆಯದು ಕಡಲಿನ ಭರತ-ಇಳಿತ. ಅಂಡಮಾನಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಕಡಲ ಮಟ್ಟ ದಿನದಲ್ಲಿ ಸುಮಾರು 2 ಮೀಟರಿನಷ್ಟು ಏರಿಳಿಯುತ್ತದೆ. ಉಪಗ್ರಹ ತನ್ನ ಹೊತ್ತಿಗೆ ಹಾದುಹೋಗುತ್ತದೆ. ಕಡಲು ಆಗ ಎಲ್ಲಿದೆ ಎಂದು ಅದು ಕೇಳುವುದಿಲ್ಲ. ಮೊದಲ ಚಿತ್ರ ಇಳಿತದ್ದಾಗಿ ಎರಡನೆಯದು ಭರತದ್ದಾಗಿದ್ದರೆ, ಏನೂ ಬದಲಾಗದ ತೀರವೂ ಮುಳುಗಿದಂತೆ ತೋರುತ್ತದೆ. ತೆಗೆದ ದಿನ ಮತ್ತು ಗಂಟೆ ತಿಳಿಯದ ಚಿತ್ರ ಸಾಕ್ಷಿಯಾಗಲಾರದು.

ಹವಳದ ದಿಬ್ಬವೇ ಅಳತೆಗೋಲು

ಈ ಎರಡು ತೊಡಕುಗಳನ್ನೂ ಒಂದು ಸಂಶೋಧಕರ ತಂಡ ಜಾಣತನದಿಂದ ದಾಟಿತು. ಏರನ್ ಮೆಲ್ಟ್ಸ್‌ನರ್, ಕೆರಿ ಸೀಹ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಡಮಾನ್-ನಿಕೋಬಾರ್ ಭಾಗಕ್ಕೆ ಸಂಪೂರ್ಣವಾಗಿ ಉಪಗ್ರಹ ಚಿತ್ರಗಳನ್ನೂ ಭರತ-ಇಳಿತದ ಗಣಿತವನ್ನೂ ನೆಚ್ಚಿಕೊಂಡರು. ಅವರು ಬಳಸಿದ ಮುಖ್ಯ ಚಿತ್ರಗಳು ಟೆರ್ರಾ ಉಪಗ್ರಹದ ಆಸ್ಟರ್ ಎಂಬ ಜಪಾನಿ ಉಪಕರಣ ತೆಗೆದಂಥವು. ಅವುಗಳಲ್ಲಿ ಒಂದೊಂದು ಚುಕ್ಕೆ ನೆಲದ ಮೇಲಿನ 15 ಮೀಟರ್ ಚೌಕಕ್ಕೆ ಸಮ. ಇಷ್ಟು ಒರಟಾದ ಚಿತ್ರದಿಂದ ಒಂದು ಮೀಟರಿನ ಏರಿಳಿತವನ್ನು ಹಿಡಿಯುವುದು ಹೇಗೆ?

ಅವರು ನೋಡಿದ್ದು ಕಡಲಂಚನ್ನಲ್ಲ, ದ್ವೀಪಗಳ ಸುತ್ತಲಿನ ಹವಳದ ದಿಬ್ಬಗಳನ್ನು. ಹವಳದ ದಿಬ್ಬದ ನೆತ್ತಿ ಬಹುಮಟ್ಟಿಗೆ ಸಮತಟ್ಟು. ಇಳಿತದ ನೀರಿನ ಮಟ್ಟದ ಆಸುಪಾಸಿನಲ್ಲೇ ಇರುತ್ತದೆ. ನೀರಿನೊಳಗಿದ್ದರೆ ಚಿತ್ರದಲ್ಲಿ ಕಪ್ಪು, ಹೊರಗಿದ್ದರೆ ಬಿಳುಪು. ಪ್ರತಿಯೊಂದು ಚಿತ್ರ ತೆಗೆದ ಕ್ಷಣದಲ್ಲಿ ಅಲ್ಲಿನ ಕಡಲ ಮಟ್ಟ ಎಷ್ಟಿತ್ತೆಂದು ಸೂರ್ಯ-ಚಂದ್ರರ ಸ್ಥಾನದಿಂದ ಲೆಕ್ಕ ಹಾಕಬಹುದು.

ವಿಧಾನ ಅರ್ಥವಾಗಲೆಂದು ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಭೂಕಂಪದ ಮೊದಲು, ಕಡಲು ಸರಾಸರಿ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗಿದ್ದಾಗ ತೆಗೆದ ಚಿತ್ರದಲ್ಲಿ ದಿಬ್ಬ ನೀರಿನಲ್ಲಿ ಮುಳುಗಿದೆ. ಭೂಕಂಪದ ನಂತರ, ಕಡಲು ಸರಾಸರಿಗಿಂತ 40 ಸೆಂಟಿಮೀಟರ್ ಮೇಲಿದ್ದಾಗಲೂ ಅದೇ ದಿಬ್ಬ ಹೊರಗೆ ಕಾಣುತ್ತಿದೆ. ಹಾಗಿದ್ದರೆ ದಿಬ್ಬ ಕನಿಷ್ಠ 70 ಸೆಂಟಿಮೀಟರ್ ಮೇಲೆದ್ದಿರಲೇಬೇಕು. ಇನ್ನು ಮೊದಲಿನ ಮತ್ತೊಂದು ಚಿತ್ರದಲ್ಲಿ, ಕಡಲು 60 ಸೆಂಟಿಮೀಟರ್ ಕೆಳಗಿದ್ದಾಗ ದಿಬ್ಬ ಹೊರಗಿತ್ತು. ನಂತರದ ಮತ್ತೊಂದರಲ್ಲಿ, ಕಡಲು 80 ಸೆಂಟಿಮೀಟರ್ ಮೇಲಿದ್ದಾಗ ಮುಳುಗಿತ್ತು. ಆಗ ಏರಿಕೆ 140 ಸೆಂಟಿಮೀಟರಿಗಿಂತ ಹೆಚ್ಚಾಗಿರಲಾರದು. ಹೀಗೆ ನಾಲ್ಕು ಚಿತ್ರಗಳು ಸೇರಿ ಉತ್ತರವನ್ನು ಎರಡು ಮಿತಿಗಳ ನಡುವೆ ಕಟ್ಟಿಹಾಕುತ್ತವೆ. ಚಿತ್ರಗಳು ಹೆಚ್ಚಿದಷ್ಟೂ ಮಿತಿಗಳು ಹತ್ತಿರವಾಗುತ್ತವೆ. ಕುಸಿದ ಕಡೆಗೂ ಇದೇ ಲೆಕ್ಕವನ್ನು ತಿರುಗಿಸಿ ಹಾಕಬಹುದು.

ಈ ವಿಧಾನದಿಂದ ಕಂಡದ್ದಿಷ್ಟು. ನೆಲ ಮೇಲೆದ್ದ ಪಟ್ಟಿ ಇಂಡೋನೇಷ್ಯಾದ ಸಿಮೆಲ್ಯು ದ್ವೀಪದ ನಡುವಿನಿಂದ ಮ್ಯಾನ್ಮಾರಿನ ಪ್ರೆಪಾರಿಸ್ ದ್ವೀಪದವರೆಗೆ, ಎಂದರೆ ಸುಮಾರು 1600 ಕಿಲೋಮೀಟರ್ ಉದ್ದಕ್ಕೆ ಹಬ್ಬಿತ್ತು. ಅಂಡಮಾನಿನ ಉತ್ತರ ಮತ್ತು ಪಶ್ಚಿಮ ಭಾಗಗಳು ಎದ್ದವು. ದಕ್ಷಿಣ ಮತ್ತು ಪೂರ್ವ ಭಾಗಗಳು ಕುಸಿದವು. ನಿಕೋಬಾರ್ ದ್ವೀಪಗಳೆಲ್ಲವೂ ಕುಸಿದವು. ಹೊರಗಿನವರು ಕಾಲಿಡಬಾರದ ಉತ್ತರ ಸೆಂಟಿನೆಲ್ ದ್ವೀಪದ ಸುತ್ತ ಹವಳದ ದಿಬ್ಬಗಳು ಬಿಳಿಯ ಉಂಗುರದಂತೆ ಮೇಲೆದ್ದು ನಿಂತವು; ಅಲ್ಲಿನ ಏರಿಕೆ ಒಂದರಿಂದ ಎರಡು ಮೀಟರ್. ಅಲ್ಲಿಯ ಜನರ ಏಕಾಂತಕ್ಕೆ ಭಂಗ ತಾರದೆ ಅವರ ನೆಲದ ಬದಲಾವಣೆಯನ್ನು ಅಳೆಯಲು ಸಾಧ್ಯವಾದದ್ದು ಈ ವಿಧಾನದ ಒಂದು ಹಿರಿಮೆ.

ಆದರೂ ನೆಲದ ಮೇಲಿನ ಅಳತೆಯನ್ನು ಯಾರೂ ಬಿಟ್ಟುಕೊಡಲಿಲ್ಲ. 2024ರಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣಗೊಂಡ ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿದಿತ್ತು. ಭಾರತದ ದಕ್ಷಿಣ ತುದಿಯಾದ ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ಸುಮಾರು 4.25 ಮೀಟರ್ ಕೆಳಗಿಳಿದು, ಅಲ್ಲಿನ ದೀಪಸ್ತಂಭದ ಬುಡವನ್ನು ಕಡಲು ಆವರಿಸಿತು. ಸಿಮೆಲ್ಯುವಿನಲ್ಲಿ ವಿಜ್ಞಾನಿಗಳು ಮೇಲೆದ್ದು ಸತ್ತ ಹವಳಗಳನ್ನು ಕೈಯಾರೆ ಅಳೆದರು. ಅದು ಫಿಟ್ಜ್‌ರಾಯ್ ಚಿಪ್ಪುಗಳನ್ನು ಅಳೆದ ರೀತಿಯೇ.

ಗದ್ದೆಯ ನೀರಿನ ಮೂರು ಬಗೆ

ಈಗ ಸಿಪ್ಪಿಘಾಟಿನ ರೈತನ ಪ್ರಶ್ನೆಗೆ ಮರಳಬಹುದು. ಅಂಡಮಾನಿನ ಕೃಷಿ ವಿಜ್ಞಾನಿಗಳು ಸುನಾಮಿಯ ನಂತರ ಉಪ್ಪುನೀರು ಹೊಕ್ಕ ಭೂಮಿಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು, ನೀರು ಬಂದು ಒಮ್ಮೆಲೇ ಹೋದ ಭೂಮಿ. ಎರಡನೆಯದು, ಭರತದಲ್ಲಿ ನೀರು ಬಂದು ಇಳಿತದಲ್ಲಿ ಹೋಗುವ ಭೂಮಿ. ಮೂರನೆಯದು, ಸದಾ ನೀರಿನಡಿಯಲ್ಲೇ ಇರುವ ಭೂಮಿ. ಸುನಾಮಿಯ ಮರುವಾರದ ಒಂದೇ ಚಿತ್ರವನ್ನು ನೋಡಿದರೆ ಮೂರೂ ಒಂದೇ ಬಣ್ಣ. ಬೇರೆ ಬೇರೆ ಹೊತ್ತಿನ, ಬೇರೆ ಬೇರೆ ತಿಂಗಳ ಚಿತ್ರಗಳನ್ನು ಕಡಲ ಮಟ್ಟದ ಲೆಕ್ಕದೊಡನೆ ಸಾಲಾಗಿಟ್ಟಾಗ ಮಾತ್ರ ಅವು ಬೇರೆಯಾಗುತ್ತವೆ.

ಈ ವಿಂಗಡಣೆ ಕೇವಲ ಪುಸ್ತಕದ ಮಾತಲ್ಲ. ಮೊದಲ ಬಗೆಯ ಭೂಮಿಗೆ ಮದ್ದು ಮಳೆ. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾಗುತ್ತದೆ. ಬದು ಕಟ್ಟಿ ಸಿಹಿನೀರು ನಿಲ್ಲಿಸಿ, ಬಸಿಗಾಲುವೆಯಲ್ಲಿ ಹೊರಹಾಕಿದರೆ ಉಪ್ಪು ತೊಳೆದುಹೋಗುತ್ತದೆ, ಮತ್ತೆ ಭತ್ತ ಬೆಳೆಯಬಹುದು. ಎರಡನೆಯ ಬಗೆಗೆ ಒಡ್ಡು ಬೇಕು, ತೂಬು ಬೇಕು. ಉಪ್ಪು ತಾಳುವ ತಳಿ ಬೇಕು. ಮೂರನೆಯ ಬಗೆಯಲ್ಲಿ ಭತ್ತದ ಆಸೆಯನ್ನು ಬಿಡುವುದೇ ವಿವೇಕ. ಅಲ್ಲಿ ರೈತನಿಗೆ ಸಲ್ಲಬೇಕಾದದ್ದು ಬೀಜ-ಗೊಬ್ಬರದ ಸಹಾಯಧನವಲ್ಲ. ಬದಲಿ ನೆಲ, ಇಲ್ಲವೇ ಬದಲಿ ಬದುಕು. ಒಂದು ಬಗೆಯ ನೆಲವನ್ನು ಇನ್ನೊಂದೆಂದು ತಪ್ಪಾಗಿ ಬರೆದರೆ ಒಂದು ಕುಟುಂಬ ವರ್ಷಗಟ್ಟಲೆ ಬಾರದ ಬೆಳೆಗೆ ಕಾಯುತ್ತಾ ಕುಳಿತುಕೊಳ್ಳಬೇಕಾಗುತ್ತದೆ.

ಪ್ರಕೃತಿ ಮಾತ್ರ ಈ ಲೆಕ್ಕವನ್ನು ತನ್ನದೇ ರೀತಿಯಲ್ಲಿ ಬರೆಯಿತು. ಉತ್ತರ ಅಂಡಮಾನಿನಲ್ಲಿ ನೆಲ ಎದ್ದು ಭರತದ ನೀರು ತಲುಪದೆ ಕಾಂಡ್ಲಾ ಕಾಡುಗಳು ಒಣಗಿದವು. ಕುಸಿದ ಕಡೆಗಳಲ್ಲಿ ಅವುಗಳ ಉಸಿರುಬೇರುಗಳು ಸದಾ ನೀರಿನಲ್ಲಿ ಮುಳುಗಿ ಮರಗಳು ಸತ್ತವು. ಎರಡೂ ಕಡೆ ಉಪಗ್ರಹ ಚಿತ್ರದಲ್ಲಿ ಕಾಣುವುದು ಹಸಿರು ಅಳಿದ ಬೂದು ಬಣ್ಣವೇ. ಒಂದೇ ಬಣ್ಣಕ್ಕೆ ಎರಡು ವಿರುದ್ಧ ಕಾರಣಗಳು. ಸ್ಥಳದಲ್ಲಿ ನಿಂತು ನೋಡಿದವರಿಗೆ ಮಾತ್ರ ಅವು ತಕ್ಷಣ ಬೇರೆಯಾಗಿ ಕಂಡವು. ವರ್ಷಗಳು ಕಳೆದಂತೆ, ಮುಳುಗಿದ ಗದ್ದೆಗಳಲ್ಲಿ ಕಾಂಡ್ಲಾ ಸಸಿಗಳು ತಾವಾಗಿಯೇ ಬೇರೂರತೊಡಗಿದವು. ಸಿಪ್ಪಿಘಾಟ್ ಇಂದು ಹಕ್ಕಿಗಳನ್ನು ನೋಡುವವರು ಹುಡುಕಿಕೊಂಡು ಹೋಗುವ ಜೌಗು.

ಮೋಡದಾಚೆಗೆ ನೋಡುವ ಕಣ್ಣು

ಬೆಳಕಿನ ಚಿತ್ರಗಳಿಗೆ ಮೋಡ ಅಡ್ಡಿ, ಇರುಳು ಅಡ್ಡಿ. ರಾಡಾರ್ ಉಪಗ್ರಹಗಳಿಗೆ ಇವೆರಡೂ ಅಡ್ಡಿಯಲ್ಲ. ಅವು ತಾವೇ ಸೂಕ್ಷ್ಮ ತರಂಗಗಳನ್ನು ಕಳಿಸಿ ಮರುದನಿಯನ್ನು ಕೇಳಿಸಿಕೊಳ್ಳುತ್ತವೆ. ಒಂದೇ ಹಾದಿಯಲ್ಲಿ ಎರಡು ಸಲ ಹಾದುಹೋದಾಗ ಮರುದನಿ ಬಂದ ಬಗೆಯಲ್ಲಿ ವ್ಯತ್ಯಾಸವಿದ್ದರೆ, ನೆಲ ಅಷ್ಟರಮಟ್ಟಿಗೆ ಉಪಗ್ರಹದ ಕಡೆಗೆ ಬಂದಿದೆ ಇಲ್ಲವೇ ದೂರ ಸರಿದಿದೆ ಎಂದರ್ಥ. ಇಲ್ಲಿ ಕಡಲಂಚಿನ ಗೆರೆಯ ಹಂಗಿಲ್ಲ. ನೆಲವನ್ನೇ ನೇರವಾಗಿ ಅಳೆಯಲಾಗುತ್ತದೆ.

2024ರ ಜನವರಿ 1ರಂದು ಜಪಾನಿನ ನೊಟೊ ಪರ್ಯಾಯದ್ವೀಪದಲ್ಲಿ ಭೂಕಂಪವಾದಾಗ ಅಲ್ಲಿನ ಭೂಮಾಪನ ಸಂಸ್ಥೆ ಆಲೋಸ್-2 ಉಪಗ್ರಹದ ರಾಡಾರ್ ಚಿತ್ರಗಳಿಂದ ಕೆಲವೇ ದಿನಗಳಲ್ಲಿ ಏರಿಕೆಯ ನಕ್ಷೆ ಪ್ರಕಟಿಸಿತು. ಉತ್ತರ ಕರಾವಳಿ ಕೆಲವೆಡೆ ಸುಮಾರು 4 ಮೀಟರ್ ಮೇಲೆದ್ದಿತ್ತು. ಕಡಲು ಕೆಲವೆಡೆ ಸುಮಾರು 200 ಮೀಟರ್ ಹಿಂದೆ ಸರಿದಿತ್ತು. ಮೀನುಗಾರರ ಬಂದರುಗಳ ತಳ ಒಣಗಿ, ದೋಣಿಗಳು ನೆಲ ಕಚ್ಚಿದವು. ನೆಲ ಮುಳುಗಿದರೆ ಮಾತ್ರ ನಷ್ಟವೆಂದಲ್ಲ, ಎದ್ದರೂ ನಷ್ಟವೇ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹವನ್ನು ಭಾರತ ಮತ್ತು ಅಮೆರಿಕದ ಬಾಹ್ಯಾಕಾಶ ಸಂಸ್ಥೆಗಳು ಜೊತೆಯಾಗಿ ಕಟ್ಟಿದವು. 12 ದಿನಗಳಿಗೊಮ್ಮೆ ಒಂದೇ ಹಾದಿಗೆ ಮರಳುವಂತೆ ಅದನ್ನು ರೂಪಿಸಲಾಗಿದೆ. ಅದರ ಉದ್ದನೆಯ ತರಂಗಗಳು ಎಲೆಗಳ ಮರೆಯನ್ನೂ ಸಾಕಷ್ಟು ದಾಟಬಲ್ಲವು. ದಟ್ಟ ಕಾಡಿನ ದ್ವೀಪಗಳಿಗೂ ಬೆಟ್ಟಗಳಿಗೂ ಇದು ಮುಖ್ಯವಾದ ಸಂಗತಿ.

ಅಳತೆ ಇದ್ದೂ ಮರೆತರೆ

ಇಂದಿರಾ ಪಾಯಿಂಟಿನ ಪಕ್ಕದಲ್ಲೇ ಗಲಾಥಿಯಾ ಕೊಲ್ಲಿಯಿದೆ. ಅದು ಬೃಹತ್ ಲೆದರ್‌ಬ್ಯಾಕ್ ಕಡಲಾಮೆಗಳು ಮೊಟ್ಟೆಯಿಡುವ ತೀರ. 2004ರಲ್ಲಿ ಆ ಮರಳದಂಡೆ ಕಡಲುಪಾಲಾಯಿತು. ಮುಂದಿನ ವರ್ಷಗಳಲ್ಲಿ ಅಲೆಗಳು ಹೊಸ ದಂಡೆ ಕಟ್ಟಿದಂತೆ ಆಮೆಗಳೂ ಮರಳಿದವು. ಅದೇ ಕೊಲ್ಲಿಯಲ್ಲಿ ಹಡಗು ಬಂದರು, ದ್ವೀಪದಲ್ಲಿ ವಿಮಾನ ನಿಲ್ದಾಣ, ಪಟ್ಟಣ ಮತ್ತು ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಗೆ 2022ರ ನವೆಂಬರಿನಲ್ಲಿ ಕೇಂದ್ರದ ಪರಿಸರ ಅನುಮತಿ ದೊರೆಯಿತು. ಯೋಜನೆಗೆ ಸುಮಾರು 130 ಚದರ ಕಿಲೋಮೀಟರ್ ಕಾಡು ಬೇಕಾಗಿದೆ. ಆ ದ್ವೀಪ ಶೋಂಪೆನ್ ಮತ್ತು ನಿಕೋಬಾರಿ ಜನರ ನೆಲೆ.

ಯೋಜನೆಯ ಪರ-ವಿರೋಧದ ವಾದಗಳು ಹಲವು. ಆದರೆ ಕೆಲವೇ ನಿಮಿಷಗಳಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಕುಸಿದ ನೆಲವಿದು ಎಂಬುದು ವಾದದ ವಿಷಯವಲ್ಲ, ಅಳತೆಯ ವಿಷಯ. ಕಂದಕದಲ್ಲಿ ಫಲಕಗಳ ತಿಕ್ಕಾಟ ನಿಂತಿಲ್ಲ. ಮುಂದಿನ ಭೂಕಂಪ ಎಂದು ಎಂಬುದನ್ನು ಹೇಳಬಲ್ಲ ಉಪಕರಣ ಎಲ್ಲಿಯೂ ಇಲ್ಲ. ನೂರು ವರ್ಷ ಬಾಳಬೇಕಾದ ಜಟ್ಟಿಯನ್ನೂ ಸಾವಿರಾರು ಜನರ ಪಟ್ಟಣವನ್ನೂ ಕಟ್ಟುವವರು ಈ ಒಂದು ಅಂಕಿಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು ಎಂದು ಕೇಳುವ ಹಕ್ಕು ಎಲ್ಲ ನಾಗರಿಕರಿಗೂ ಇದೆ.

ಬೆಟ್ಟದ ಊರುಗಳಿಗೆ

ಕಡಲ ಕಥೆ ಬೆಟ್ಟದವರಿಗೆ ಏಕೆ? ವಿಧಾನ ಒಂದೇ ಆಗಿರುವುದರಿಂದ. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಮೋಡದ ನಡುವೆಯೂ ರಾಡಾರ್ ಚಿತ್ರಗಳನ್ನು ಬಳಸಿ ಅಳತೆ ಮಾಡಿತು. ಸುಮಾರು 86,000 ಚದರ ಮೀಟರ್, ಎಂದರೆ 21 ಎಕರೆಯಷ್ಟು ನೆಲ ಕಿತ್ತುಬಂದಿತ್ತು. ಭೂಕಂಪದ ಮಾತಿರಲಿ, ಮಳೆಯೇ ಅಲ್ಲಿ ಕಾರಣ. ಆದರೆ ಹಿಂದಿನ ಚಿತ್ರಗಳನ್ನು ತೆಗೆದು ನೋಡಿದಾಗ ಅದೇ ಜಾಗದಲ್ಲಿ ಹಳೆಯ ಕುಸಿತದ ಗುರುತು ಮೊದಲೇ ಇತ್ತೆಂಬುದೂ ಕಂಡಿತು. ಸಾಕ್ಷಿ ಇತ್ತು, ನೋಡುವವರು ಬೇಕಿತ್ತು.

ವಿದ್ಯಾರ್ಥಿಗಳು ಇದನ್ನು ಮಾಡಬಹುದು. 1972ರಿಂದ ಸಂಗ್ರಹವಾದ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಇಸ್ರೋ ಸಂಸ್ಥೆಯ ಭುವನ್ 2009ರಿಂದ ತೆರೆದಿದೆ. ಊರಿನ ಗುಡ್ಡ, ಕೆರೆ, ಹಳ್ಳ, ಕಲ್ಲುಗಣಿಗಳ ಹಳೆಯ ಮತ್ತು ಹೊಸ ಚಿತ್ರಗಳನ್ನು ಒಂದೇ ಋತುವಿನವುಗಳನ್ನಾಗಿ ಆರಿಸಿ, ದಿನಾಂಕ ಬರೆದು ಸಾಲಾಗಿಡುವುದು ಒಂದು ಶಾಲೆಯಿಂದ ಆಗದ ಕೆಲಸವೇನಲ್ಲ. ಮಳೆಗಾಲದ ಕೆರೆಯನ್ನು ಬೇಸಿಗೆಯ ಕೆರೆಯೊಡನೆ ಹೋಲಿಸುವುದು, ಭರತದ ಚಿತ್ರವನ್ನು ಇಳಿತದ ಚಿತ್ರದೊಡನೆ ಹೋಲಿಸಿದಷ್ಟೇ ತಪ್ಪು ಎಂಬುದು ನೆನಪಿರಲಿ.

ಗ್ರಾಮಸ್ಥರ ಕೆಲಸ ಅದಕ್ಕಿಂತ ಸರಳ, ಅದಕ್ಕಿಂತ ಮುಖ್ಯ. ಧರೆಯ ಮೇಲಿನ ಬಿರುಕು ಈ ವರ್ಷ ಎಷ್ಟು ಬೆರಳು ಅಗಲವಾಗಿದೆ, ಒರತೆ ಯಾವ ತಿಂಗಳು ಬತ್ತಿತು, ಯಾವ ಮರ ಯಾವ ಕಡೆಗೆ ವಾಲಿತು ಎಂಬುದನ್ನು ಉಪಗ್ರಹ ಬರೆದಿಡದು. ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ನೆಟ್ಟು, ತಿಂಗಳಿಗೊಮ್ಮೆ ಹಗ್ಗ ಹಿಡಿದು ಅಳೆದು, ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಟ್ಟರೆ ಅದೇ ಊರಿನ ಸಾಕ್ಷಿ. ಫಿಟ್ಜ್‌ರಾಯ್ ಕೈಯಲ್ಲಿದ್ದುದೂ ಅದಕ್ಕಿಂತ ಹೆಚ್ಚಿನ ಉಪಕರಣವೇನಲ್ಲ. ಕುಸಿತವಾದ ಮೇಲೆ ಬರುವ ಅಧಿಕಾರಿ ಮೊದಲು ಕೇಳುವ ಪ್ರಶ್ನೆ, ಮೊದಲು ಹೇಗಿತ್ತು ಎಂಬುದು. ಆ ಪ್ರಶ್ನೆಗೆ ಉತ್ತರ ಕುಸಿತಕ್ಕಿಂತ ಮೊದಲೇ ಬರೆದಿರಬೇಕು.